ತೊಕಿಯೆ ಅಕ್ಕ ತೆಗೆಸಿಹಾಕಿದ ಸೇವಾ ಶುಲ್ಕ

ಹಡಗು ಕೋಬೆ ಬಂದರು ಬಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ. ಅಷ್ಟರಲ್ಲೇ ತೊಕಿಯೆ ಅಕ್ಕ ನಮ್ಮ ಕೋಣೆಯ ಪರಿಚಾರಕನಿಗೆ ಇನಾಮು ಕೊಟ್ಟು, ಅದನ್ನು ಅವನ ಕಣ್ಣೆದುರಿಗೇ ವಾಪಸು ತೆಗೆದುಕೊಂಡು, ತಮ್ಮ ಕಿಮೋನೊದ ನಡುಪಟ್ಟಿಯೊಳಗೆ ಸಿಕ್ಕಿಸಿಕೊಂಡುಬಿಟ್ಟರು.

ಬೇಕೆಂದು ಮಾಡಿದ್ದಲ್ಲ. ಶುರುವೆಲ್ಲ ಕ್ರಮವಾಗಿಯೇ ಇತ್ತು. ಪ್ಲಮ್ ಹೂವಿನ ಚಿತ್ರದ ಪುಟ್ಟ ಲಕೋಟೆ, ಅದರೊಳಗೆ ಮೂರು ಮಡಿಕೆಯ ಹೊಸ ನೋಟು. ಬತ್ತಲೆ ನೋಟು ಕೊಡುವುದೂ ಒಂದೇ, ಮುಖಕ್ಕೆ ಬೈಯುವುದೂ ಒಂದೇ ಎಂದು ನಂಬಿದವರು ನಾವು ಜಪಾನಿನವರು. ಪರಿಚಾರಕ ಬಂದು, ತನ್ನ ಹೆಸರು ರುಫೀನೊ, ಊರು ಫಿಲಿಪ್ಪೀನ್ಸಿನ ಇಲೊಇಲೊ ಎಂದು ಹೇಳಿ, ಬೀರು ಎಲ್ಲಿ, ಬಚ್ಚಲ ದೀಪ ಎಲ್ಲಿ ಎಂದು ತೋರಿಸಿದ. ತೊಕಿಯೆ ಅಕ್ಕ ಎರಡು ಮಂಚಗಳ ನಡುವೆ ನೆಲಹಾಸಿನ ಮೇಲೆ ಮಂಡಿಯೂರಿ ಕೂತು, ಲಕೋಟೆಯನ್ನು ಎರಡೂ ಕೈಯಿಂದ ಅವನತ್ತ ಸರಿಸಿದರು.

"ಏನೂ ಇಲ್ಲಪ್ಪ, ಮನಸ್ಸಿಗೆ ಅಂತ ಅಷ್ಟೆ. ಈ ಐದು ದಿನ ನಿನಗೆ ತೊಂದ್ರೆ ಕೊಡ್ತೀವಿ."

ರುಫೀನೊಗೆ ಜಪಾನಿ ಮಾತಿನ ಜೊತೆಗೆ ಜಪಾನಿ ರೀತಿಯನ್ನೂ ಯಾರೋ ಕಲಿಸಿದ್ದರು. ಅವನೂ ಮಂಡಿಯೂರಿದ. "ಅಯ್ಯೋ ಬೇಡಮ್ಮಾ, ಇದೆಲ್ಲ ಯಾಕೆ" ಎಂದು ಬೆರಳ ತುದಿಯಿಂದ ಲಕೋಟೆಯನ್ನು ಒಂದಿಷ್ಟು ಹಿಂದಕ್ಕೆ ನೂಕಿದ. ಒಂದು ಸಲ ಬೇಡ ಅನ್ನುವುದು, ಎರಡನೆಯ ಸಲ ತೆಗೆದುಕೊಳ್ಳುವುದು. ಇದು ಗೊತ್ತಿಲ್ಲದವರು ಯಾರು? ಆದರೆ ಆ ಲಕೋಟೆ ಸರಿದುಬಂದದ್ದು ಎಂಥ ಕೈಗಳ ಕಡೆಗೆ ಎಂದು ಅವನಿಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಲಕೋಟೆಗಳು ತಮ್ಮ ಕಡೆಗೇ ಬರುವುದನ್ನು ಕಂಡ ಕೈಗಳು ಅವು. ಅವು ತಮ್ಮ ಪಾಡಿಗೆ ತಾವು ಲಕೋಟೆ ಎತ್ತಿಕೊಂಡು ಹಣೆಗೆ ಮುಟ್ಟಿಸಿದವು. "ಸಂಕೋಚವಾಗುತ್ತೆ, ಆದ್ರೂ ತಗೋತೀನಿ" ಎಂದಿತು ಬಾಯಿ. ಹಣೆ ನೆಲಕ್ಕೆ ತಾಗಿತು. ಲಕೋಟೆ ನಡುಪಟ್ಟಿ ಸೇರಿತು.

ರುಫೀನೊನ ಕೈ ಗಾಳಿಯಲ್ಲೇ ಉಳಿಯಿತು. ಅವನ ಕಣ್ಣು ನಡುಪಟ್ಟಿಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅವನೂ ಬಗ್ಗಿ ನಮಸ್ಕರಿಸಿ ಹೊರಗೆ ಹೋದ. ಪಾಪ, ಇನ್ನೇನು ಮಾಡಿಯಾನು.

"ಅಕ್ಕ, ಈಗ ಯಾರು ಯಾರಿಗೆ ಇನಾಮು ಕೊಟ್ಟ ಹಾಗಾಯ್ತು?" ಎಂದು ಕೇಳಿದೆ.

ಅವರು ನಡು ತಡವಿಕೊಂಡರು. ಮುಖ ಉಪ್ಪಿನಕಾಯಿಯ ಪ್ಲಮ್ಮಿನ ಕೆಂಪು ಬಣ್ಣಕ್ಕೆ ತಿರುಗಿತು. "ಕೈ ಕಣೇ ಮಿಸಾಓ. ಕೈ ಮಾಡ್ತು. ನಾನಲ್ಲ."

ಬಹುಮಾನವಾಗಿ ಬಂದ ಪ್ರಯಾಣ ಅದು. ಮೊದಲ ಅರ್ಧ ಗಂಟೆಯಲ್ಲೇ ಬಹು ಹೋಗಿ ಮಾನವೂ ಹೋಗಿತ್ತು.

ಕೋಬೆಯ ನಮ್ಮ ನಾಗತಾ ಬಡಾವಣೆಯ ಅಂಗಡಿ ಬೀದಿಯಲ್ಲಿ ವರ್ಷದ ಕೊನೆಗೆ ಲಾಟರಿ ಎತ್ತುತ್ತಾರೆ. ಎಂಟು ಮೂಲೆಯ ಮರದ ಪೆಟ್ಟಿಗೆಯ ಹಿಡಿ ಹಿಡಿದು ತಿರುಗಿಸಿದರೆ ಬಣ್ಣದ ಗೋಲಿಯೊಂದು ತಟ್ಟೆಗೆ ಬೀಳುತ್ತದೆ. ತೊಕಿಯೆ ಅಕ್ಕನಿಗೆ ಬೀಳುತ್ತಿದ್ದದ್ದು ಪ್ರತಿ ವರ್ಷವೂ ಬಿಳಿ ಗೋಲಿ, ಅಂದರೆ ಮೂಗು ಒರೆಸುವ ಕಾಗದದ ಪೊಟ್ಟಣ. ಆ ವರ್ಷ ಬಂಗಾರದ ಗೋಲಿ ಬಿತ್ತು. ಮೀನಂಗಡಿಯವನು ಕೈಗಂಟೆ ಬಾರಿಸಿ ಬೀದಿಯನ್ನೆಲ್ಲ ಸೇರಿಸಿದ. ಇಬ್ಬರಿಗೆ ಹಡಗಿನ ಪ್ರಯಾಣ: ಕೋಬೆಯಿಂದ ನಾಹಾ, ಅಲ್ಲಿಂದ ತೈವಾನಿನ ಕೀಲುಂಗ್, ಮತ್ತೆ ಕೋಬೆ. "ಕಾಗದದ ಪೊಟ್ಟಣ ಇಲ್ವಾ ಹಾಗಾದ್ರೆ?" ಎಂದು ಅಕ್ಕ ಕೇಳಿದರು. ಮನೆಯಲ್ಲಿ ಮುಗಿದಿತ್ತಂತೆ.

ಎರಡನೆಯ ಟಿಕೆಟಿಗೆ ನಾನು ಸಿಕ್ಕಿದೆ. ಪಕ್ಕದ ಮನೆಯವಳು, ಮೇಲಾಗಿ ಬೆಟ್ಟದ ಮೇಲಿನ ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬರುತ್ತದೆ ಎಂಬುದು ಬೀದಿಯ ನಂಬಿಕೆ. ಸನ್ಯಾಸಿನಿಯರು ನಮಗೆ ಕಲಿಸಿದ್ದು ಎರಡೇ: ಇಂಗ್ಲಿಷ್ ಮತ್ತು ಬೆನ್ನು ನೆಟ್ಟಗಿಟ್ಟು ಕೂರುವುದು. ಐವತ್ತು ದಾಟಿದ ಮೇಲೆ ಎರಡೂ ಸೊಟ್ಟಗಾಗಿವೆ.

ತೊಕಿಯೆ ಅಕ್ಕ ಇಯೆಶಿಮಾ ದ್ವೀಪದ ಬೆಸ್ತರ ಮನೆಯ ಮೂರನೆಯ ಮಗಳು. ಹದಿನಾರರ ವಯಸ್ಸಿಗೆ ಬುತ್ತಿ ಗಂಟು ಹಿಡಿದು ಅರಿಮಾ ಬಿಸಿನೀರಿನ ಊರಿಗೆ ಬಂದು, ಅಲ್ಲಿನ ಒಂದು ವಸತಿಗೃಹದ ಹಿಂದಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಲು ನಿಂತರು. ಮುಂದಿನ ಕೋಣೆಗಳಲ್ಲಿ ಅತಿಥಿಗಳು ಬಂದು ಕೂತ ಕೂಡಲೇ ಚಹಾ ಬಸಿಯುವ ಹಿರಿಯ ಪರಿಚಾರಿಕೆಯರ ಕೈಗೆ ಲಕೋಟೆ ಸರಿಯುತ್ತಿತ್ತು. ಹಿಂದಿನ ಅಡುಗೆಮನೆಗೆ ಸರಿಯುತ್ತಿದ್ದದ್ದು ಎಂಜಲು ತಟ್ಟೆ. ಪಾತ್ರೆ ತಿಕ್ಕುವವರು, ಬಚ್ಚಲು ಉಜ್ಜುವ ಮುದುಕ, ಅತಿಥಿಗಳ ಚಪ್ಪಲಿ ಕಾಯುವವನು, ಇವರ ಮುಖ ನೋಡಿದ ಅತಿಥಿಯೇ ಇಲ್ಲ. ಮುಖ ನೋಡದವರಿಗೆ ಮುಯ್ಯಿ ಯಾರು ಮಾಡುತ್ತಾರೆ?

ಮಾಡುತ್ತಿದ್ದವರು ಒಬ್ಬರಿದ್ದರು. ಯೊನೆ ಅಕ್ಕ ಎಂಬ ಹಿರಿಯ ಪರಿಚಾರಿಕೆ. ತನಗೆ ಬಂದ ಪ್ರತಿಯೊಂದು ಲಕೋಟೆಯನ್ನೂ ಆಕೆ ಒಡೆಯದೆ ಚಹಾದ ಖಾಲಿ ಡಬ್ಬಿಯೊಂದಕ್ಕೆ ಹಾಕುತ್ತಿದ್ದರು. ಉಳಿದವರಿಂದಲೂ ಹಾಕಿಸುತ್ತಿದ್ದರು, ಹಾಕದವರ ಕಡೆ ಒಂದು ಸಲ ನೋಡಿದರೆ ಸಾಕಿತ್ತಂತೆ. ಗತಿಸಿದ ಹಿರಿಯರನ್ನು ನೆನೆಯುವ ಬೊನ್ ಹಬ್ಬದ ಹಿಂದಿನ ದಿನ ಡಬ್ಬಿ ತೆರೆಯುತ್ತಿತ್ತು. ಚಪ್ಪಲಿ ಕಾಯುವವನಿಂದ ಹಿಡಿದು ಎಲ್ಲರಿಗೂ ಸಮಪಾಲು. ತೊಕಿಯೆ ಅಕ್ಕ ಮೊದಲ ಪಾಲಿನಲ್ಲಿ ದ್ವೀಪಕ್ಕೆ ಹೋಗುವ ದೋಣಿಯ ಟಿಕೆಟ್ಟು ಕೊಂಡು, ತಾಯಿಗೆ ಒಂದು ಪೆಟ್ಟಿಗೆ ಮಿಠಾಯಿ ಒಯ್ದರು.

"ಯಾರು ಕೊಟ್ಟಿದ್ದು ಇದನ್ನ ಅಂತ ಯೊನೆ ಅಕ್ಕನ್ನ ಕೇಳಿದ್ದೆ," ಎಂದು ಅವರು ಈಗಲೂ ಹೇಳುತ್ತಾರೆ. "'ಅತಿಥಿಗಳು' ಅಂದ್ರು. ಯಾವ ಅತಿಥಿ ಅಂದೆ. 'ನೀನು ಯಾರ ಯಾರ ತಟ್ಟೆ ತೊಳೆದೆಯೋ ಅವರೆಲ್ಲ. ಅವರಿಗೆ ಗೊತ್ತಿಲ್ಲ, ಅಷ್ಟೆ' ಅಂದ್ರು."

ಯೊನೆ ಅಕ್ಕ ಕೆಲಸ ಬಿಟ್ಟ ಮೇಲೆ ಡಬ್ಬಿ ತೊಕಿಯೆ ಅಕ್ಕನ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ಅವರೂ ಮುಂದಿನ ಕೋಣೆಗಳಿಗೆ ಬಡ್ತಿ ಪಡೆದಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಾರೆ. ಬೇರೆಯವರ ಹಾಸಿಗೆ ಹಾಸುತ್ತಲೇ ಇರುವವರು ಎಷ್ಟು ಚಾಚಬೇಕು ಎಂದು ಗಾದೆ ಹೇಳುವುದಿಲ್ಲ. ಅವರು ಚಾಚಲೇ ಇಲ್ಲ. ಮದುವೆಯ ಮಾತು ಒಂದೆರಡು ಸಲ ಬಂದು, ಅತಿಥಿಗಳ ಹಾಗೆ ಚಹಾ ಕುಡಿದು ಹೋಯಿತು.

ಆಮೇಲೆ ದೇಶಕ್ಕೆಲ್ಲ ದುಡ್ಡಿನ ಸುಗ್ಗಿಯ ಕಾಲ ಬಂತು. ವಸತಿಗೃಹದ ಮಾಲೀಕರು ಬಿಲ್ಲಿನಲ್ಲೇ ನೂರಕ್ಕೆ ಹತ್ತು ಸೇವಾ ಶುಲ್ಕ ಸೇರಿಸಿ, ಬಾಗಿಲಲ್ಲಿ "ಇನಾಮು ದಯವಿಟ್ಟು ಬೇಡ" ಎಂದು ಫಲಕ ಹಾಕಿಸಿದರು. ಅತಿಥಿಗಳಿಗೆ ಹಾಯೆನಿಸಿತು. ಲಕೋಟೆಗಳು ನಿಂತವು. ಆ ಹತ್ತರಲ್ಲಿ ಮುಂಬಾಗಿಲ ಹಜಾರಕ್ಕೆ ಹೊಸ ರತ್ನಗಂಬಳಿ ಬಂತು, ಮಾಲೀಕರಿಗೆ ಗಾಲ್ಫ್ ಕೋಲುಗಳು ಬಂದವು. ಹಿಂದಿನ ಅಡುಗೆಮನೆಗೆ ಒಂದು ಕಾಸೂ ಇಳಿಯಲಿಲ್ಲ. ಸೇವೆ ಇವರದು, ಶುಲ್ಕ ಅವರದು. ಡಬ್ಬಿಯಲ್ಲಿ ತೊಕಿಯೆ ಅಕ್ಕ ಗುಂಡಿ ಮತ್ತು ಪಿನ್ನುಗಳನ್ನು ಇಡತೊಡಗಿದರು. ನಲವತ್ತು ವರ್ಷ ತುಂಬಿ ಕೆಲಸ ಬಿಟ್ಟಾಗ ಅದನ್ನು ಹಿಡಿದೇ ನಮ್ಮ ಪಕ್ಕದ ಮನೆಗೆ ಬಂದರು.

ಇಷ್ಟು ತಿಳಿದಿದ್ದರೆ ಹಡಗಿನಲ್ಲಿ ಮುಂದೆ ಆದದ್ದು ಸುಲಭವಾಗಿ ಅರ್ಥವಾಗುತ್ತದೆ.

ಎರಡನೆಯ ದಿನ ಪೂರ್ತಿ ಸಮುದ್ರ. ಬೆಳಗಿನ ತಿಂಡಿಗೆ ಹೋಗಿ ಬರುವಷ್ಟರಲ್ಲಿ ರುಫೀನೊ ಕೋಣೆ ಓರಣ ಮಾಡಿ, ಒರೆಸುವ ಬಟ್ಟೆಯಿಂದ ಒಂದು ಆನೆ ಮಡಿಸಿ ಮಂಚದ ಮೇಲೆ ಕೂರಿಸಿದ್ದ. ಅಕ್ಕ ಆ ಆನೆಗೂ ತಲೆ ಬಾಗಿಸಿದರು. ಮೇಜಿನ ಮೇಲೆ ನಮ್ಮ ಖರ್ಚಿನ ಚೀಟಿ ಇತ್ತು. ನಾವು ಒಂದು ಲೋಟ ಬಿಯರನ್ನೂ ಕೊಂಡಿರಲಿಲ್ಲ. ಆದರೂ ಸೊನ್ನೆ ಇರಬೇಕಾದ ಕಡೆ ಮೊತ್ತವೊಂದು ಕೂತಿತ್ತು.

"ಇದೇನೇ?"

"ಸೇವಾ ಶುಲ್ಕ ಅಕ್ಕ. ದಿನಕ್ಕೆ ತಲೆಗೆ ಹದಿನಾರು ಡಾಲರು. ಟಿಕೆಟ್ಟು ಬಹುಮಾನದಲ್ಲಿ ಬಂತು, ಇದು ಬರಲ್ಲ. ಎಲ್ಲರಿಗೂ ತಾನಾಗೇ ಹಾಕ್ತಾರೆ."

"ತಲೆಗೆ ಯಾಕೆ? ಇನಾಮು ಕೈಗಲ್ವಾ ಕೊಡೋದು?"

ಅವರ ದನಿ ಏರಲಿಲ್ಲ. ಬೆನ್ನು ಮಾತ್ರ ಇನ್ನಷ್ಟು ನೆಟ್ಟಗಾಯಿತು. ಸನ್ಯಾಸಿನಿಯರು ಕಂಡಿದ್ದರೆ ಮೆಚ್ಚುತ್ತಿದ್ದರು.

"ಮಿಸಾಓ, ದುಡ್ಡಿನ ಮಾತಲ್ಲ ಇದು. ಬಿಲ್ಲಿನೊಳಗೆ ಹೋದ ಇನಾಮು ಹೊರಗೆ ಬರಲ್ಲ ಕಣೇ. ನಾನು ನೋಡಿದೀನಿ. ಆ ಹುಡುಗನಿಗೆ ಇದರಲ್ಲಿ ಕೂದಲೆಳೆಯೂ ಸಿಗಲ್ಲ. ಇದನ್ನ ತೆಗೆಸು. ಅಷ್ಟನ್ನೂ ನಾನು ಅವನ ಕೈಗೇ ಕೊಡ್ತೀನಿ."

ತೆಗೆಸಬಹುದೇ? ತೆಗೆಸಬಹುದು. ಚೀಟಿಯ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಗೆಂದಿತ್ತು. ನಾವು ಹಜಾರದ ಕೌಂಟರಿಗೆ ಹೋದೆವು. ಅಲ್ಲಿದ್ದವಳು ವಕಾಬಾ ಎಂಬ ನಮ್ಮ ಕಡೆಯ ಹುಡುಗಿ. ನನ್ನ ಇಂಗ್ಲಿಷಿಗೆ ಕೆಲಸವಿರಲಿಲ್ಲ.

"ತೆಗೀತೀವಿ ಅಮ್ಮಾ, ತೊಂದ್ರೆ ಇಲ್ಲ," ಎಂದಳು ವಕಾಬಾ. "ಕಾರಣ ಏನು ಅಂತ ಕೇಳಬಹುದಾ? ಸೇವೆಯಲ್ಲಿ ಏನಾದ್ರೂ..."

ತೊಕಿಯೆ ಅಕ್ಕ ಎರಡೂ ಕೈ ಮುಂದೆ ಕಟ್ಟಿಕೊಂಡು ನಸುನಕ್ಕರು. "ಕಾರಣ ಹೇಳಿದ್ರೆ ಕೇಳಿದವರಿಗೆ ಬೇಜಾರಾಗುತ್ತಮ್ಮ. ಬೇಡ, ಬಿಟ್ಟುಬಿಡಿ."

ಅವರ ಮನಸ್ಸಿನಲ್ಲಿದ್ದದ್ದು ಇಷ್ಟು: ನಿಮ್ಮ ಮಾಲೀಕರು ಕಳ್ಳರು ಎಂದು ಅವರ ಕೌಂಟರಿನಲ್ಲೇ ನಿಂತು ಹೇಗೆ ಹೇಳಲಿ? ಆದರೆ ವಕಾಬಾ ಕೂಡ ನಮ್ಮವಳೇ. ನಮ್ಮವರು ಚಹಾ ತಣ್ಣಗಿದ್ದರೆ ತಣ್ಣಗಿದೆ ಅನ್ನುತ್ತಾರೆ, ಅನ್ನ ಹಸಿಯಿದ್ದರೆ ಹಸಿಯಿದೆ ಅನ್ನುತ್ತಾರೆ. ನಗುತ್ತಾ "ಬಿಟ್ಟುಬಿಡಿ" ಅಂದರೆ ಬಾಯಿಬಿಟ್ಟು ಹೇಳಲಾರದಂಥದ್ದು ಏನೋ ನಡೆದಿದೆ ಎಂದೇ ಅರ್ಥ. ಹುಡುಗಿಯ ಮುಖ ಬಿಳಿಚಿಕೊಂಡಿತು. ಶುಲ್ಕ ತೆಗೆದಳು. ಆಳವಾಗಿ ಬಗ್ಗಿ ಕ್ಷಮೆ ಕೇಳಿದಳು. ಅಕ್ಕನೂ ಬಗ್ಗಿದರು. ಎಷ್ಟು ಒಳ್ಳೆಯ ಹುಡುಗಿ ಎಂದು ಲಿಫ್ಟಿನಲ್ಲಿ ಹೊಗಳಿದರು.

ಮರುದಿನ ಹಡಗು ನಾಹಾದಲ್ಲಿ ನಿಂತಿದ್ದಾಗ ರುಫೀನೊಗೆ ಹೊಸ ಲಕೋಟೆ ಕೊಡಲಾಯಿತು. ಈ ಸಲ ಅಕ್ಕ ಕೊಟ್ಟ ಕೂಡಲೇ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟರು, ಪುನಃ ಕೈ ಮುಂದೆ ಹೋದೀತು ಎಂದು. ರುಫೀನೊ ಒಂದು ಸಲ ಬೇಡ ಅನ್ನುವ ಗೋಜಿಗೂ ಹೋಗಲಿಲ್ಲ. ತಗ್ಗಿಸಿದ ತಲೆಯಲ್ಲೇ ತೆಗೆದುಕೊಂಡು ಹೋದ. ನಾಚಿಕೆ ಸ್ವಭಾವದ ಹುಡುಗ ಎಂದುಕೊಂಡೆವು.

ಕೀಲುಂಗಿನ ಬೆಳಿಗ್ಗೆ ನಾನು ಟೋಪಿ ಹಾಕಿ ತಯಾರಾಗಿದ್ದೆ. ಅಲ್ಲಿ ದೇವಸ್ಥಾನದ ಸುತ್ತ ಏಡಿಯ ಸೂಪು ಮಾರುವ ಬೀದಿಯಿದೆ ಎಂದು ತಿಂಗಳಿಂದ ಬಾಯಲ್ಲಿ ನೀರೂರಿಸಿಕೊಂಡಿದ್ದವಳು ನಾನು. ಬಾಗಿಲು ತೆರೆದರೆ ಎದುರಿಗೆ ರುಫೀನೊ ನಿಂತಿದ್ದ. ಎರಡು ದಿನ ನಿದ್ದೆ ಕಂಡಿಲ್ಲದ ಮುಖ.

"ಅಮ್ಮಾ, ನನ್ನಿಂದ ಏನು ತಪ್ಪಾಯ್ತು, ಹೇಳಿಬಿಡಿ," ಎಂದ. "ಮೊದಲ ದಿನ ನಾನು ನಿಮ್ಮ ನಡುಪಟ್ಟಿ ಕಡೆ ನೋಡಿದೆ ಅಂತಾನಾ? ಲಕೋಟೆ ಎಲ್ಲಿ ಹೋಯ್ತು ಅಂತ ನೋಡಿದ್ದು ಅಷ್ಟೆ. ದೇವರಾಣೆ, ಬೇರೆ ಏನೂ ಇಲ್ಲ."

ತೊಕಿಯೆ ಅಕ್ಕ ಅವನನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಅವನು ಕೂರಲಾರೆ ಎಂದ. ಕೂರು ಎಂದರು. ಕೂತ.

ಸಂಗತಿ ಒಂದೊಂದಾಗಿ ಹೊರಬಂತು. ಅತಿಥಿ ಸೇವಾ ಶುಲ್ಕ ತೆಗೆಸಿದರೆ ಕೋಣೆಯ ಪರಿಚಾರಕನ ಹೆಸರು ಮೇಲ್ವಿಚಾರಕಿಯ ಮೇಜಿಗೆ ಹೋಗುತ್ತದೆ. ಕಾರಣ ಹೇಳಿದ್ದರೆ ಸಮಜಾಯಿಷಿ ಕೊಡಬಹುದಿತ್ತು. "ಹೇಳಲು ಇಷ್ಟವಿಲ್ಲ" ಎಂದು ಹೋಗಿದ್ದರಿಂದ ಮೇಲ್ವಿಚಾರಕಿ ಪರ್ಲಿತಾ ಅವನನ್ನು ಎರಡು ಸಲ ಕರೆಸಿ, ನೀನು ಆ ಮುದುಕಿಗೆ ಮಾಡಿದ್ದಾದರೂ ಏನು ಎಂದು ಕೇಳಿದ್ದಾರೆ. ಈ ಪ್ರಯಾಣ ಮುಗಿಯುವ ಹೊತ್ತಿಗೆ ಅವನನ್ನು ಈ ಮಹಡಿಯ ಮುಖ್ಯಸ್ಥನನ್ನಾಗಿ ಮಾಡುವುದೆಂದು ಮಾತಾಗಿತ್ತು. ಈಗ ಅದು ನಿಂತಿದೆ.

"ಮುಖ್ಯಸ್ಥ ಆದ್ರೆ ಸಂಬಳ ಜಾಸ್ತಿಯಾ?" ಎಂದು ನಾನು ಕೇಳಿದೆ.

"ಸ್ವಲ್ಪ. ಅದಕ್ಕಲ್ಲ. ಒಂಬತ್ತು ತಿಂಗಳ ಬದಲು ಆರು ತಿಂಗಳಿಗೇ ಊರಿಗೆ ಬಿಡ್ತಾರೆ. ನನ್ನ ಮಗಳಿಗೆ ಮೂರು ವರ್ಷ. ಅಪ್ಪ ಅಂದ್ರೆ ಫೋನಿನೊಳಗೆ ಇರೋನು ಅಂದ್ಕೊಂಡಿದಾಳೆ. ಹೋದ ಸಲ ಮನೆಗೆ ಹೋದಾಗ ನನ್ನನ್ನ ನೋಡಿ ಅತ್ತಳು. ಫೋನ್ ಮಾಡಿದ ಮೇಲೆ ಸುಮ್ಮನಾದಳು. ಪಕ್ಕದ ಕೋಣೆಯಿಂದ ಮಾಡಿದೆ."

ತೊಕಿಯೆ ಅಕ್ಕ ಅವನ ಮುಂದೆ ಒಂದು ಲೋಟ ನೀರು ಇಟ್ಟರು. ಆಮೇಲೆ ಕೇಳಿದರು, "ನಿನ್ನೆ ಕೊಟ್ಟ ಲಕೋಟೆ?"

"ಶುಲ್ಕ ತೆಗೆಸಿದವರು ಕೈಗೆ ಏನು ಕೊಟ್ರೂ ಸಾಮಾನ್ಯ ನಿಧಿಗೆ ಹಾಕಬೇಕು ಅಂತ ನಿಯಮ ಅಮ್ಮಾ. ಹಾಕಿದೆ."

"ಅದು ಯಾರಿಗೆ ಹೋಗುತ್ತೆ?"

"ಎಲ್ಲರಿಗೂ. ಆ ಹದಿನಾರು ಡಾಲರು ಹೋಗೋದೂ ಅಲ್ಲಿಗೇ. ಪಾತ್ರೆ ತೊಳೆಯೋರು, ತರಕಾರಿ ಹೆಚ್ಚೋರು, ಎಲ್ಲರಿಗೂ ಅದರಲ್ಲಿ ಪಾಲು. ನಿಮ್ಮ ಹಾಸಿಗೆ ಬಟ್ಟೆ ಒಗೆಯೋನು ನನ್ನ ದೊಡ್ಡಮ್ಮನ ಮಗ, ಕೆಳಗೆ ತಳದಲ್ಲಿದಾನೆ. ಬಿಸಿಲು ನೋಡೋದು ವಾರಕ್ಕೊಂದ್ಸಲ. ಅವನನ್ನ ಯಾವ ಅತಿಥಿಯೂ ನೋಡಿಲ್ಲ."

"ನಿಜವಾಗ್ಲೂ ಅವನ ಕೈಗೆ ಬರುತ್ತಾ? ಮಾಲೀಕರ ಹಜಾರಕ್ಕೆ ರತ್ನಗಂಬಳಿ ಆಗಲ್ವಾ?"

ರುಫೀನೊಗೆ ರತ್ನಗಂಬಳಿ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. "ಬರುತ್ತಮ್ಮ. ಅವನ ಮನೆಗೆ ತಗಡಿನ ಛಾವಣಿ ಹಾಕಿಸಿದ್ದೇ ಅದರಲ್ಲಿ," ಎಂದು ಫೋನಿನಲ್ಲಿ ಚಿತ್ರ ತೋರಿಸಿದ. ಹಸಿರು ಛಾವಣಿ, ಅದರ ಮೇಲೊಂದು ಹುಂಜ.

ತೊಕಿಯೆ ಅಕ್ಕ ಎದ್ದು ನಿಂತರು. "ಡಬ್ಬಿ ಕಣೇ ಇದು," ಎಂದರು ನನ್ನ ಕಡೆ ತಿರುಗಿ. "ಯೊನೆ ಅಕ್ಕನ ಡಬ್ಬಿ. ನಾನು ಅದನ್ನ ತೆಗೆಸಿಹಾಕಿದೆನಲ್ಲೇ."

ಏಡಿಯ ಸೂಪು ಅಲ್ಲಿಗೆ ಮುಗಿಯಿತು.

ಹಡಗಿನ ಜನವೆಲ್ಲ ಛತ್ರಿ ಹಿಡಿದು ಕೀಲುಂಗಿಗೆ ಇಳಿಯುತ್ತಿದ್ದರೆ ನಾವಿಬ್ಬರು ಪ್ರವಾಹದ ಎದುರು ಈಜುತ್ತ ಕೌಂಟರಿಗೆ ಹೋದೆವು. ವಕಾಬಾ ನಮ್ಮನ್ನು ನೋಡಿದ ಕೂಡಲೇ ಒಳಗಿಂದ ಪರ್ಲಿತಾರನ್ನು ಕರೆಸಿದಳು. ಪರ್ಲಿತಾ ಎಂದರೆ ಎದೆಯ ಮೇಲೆ ಬೀಗದ ಕೈಗೊಂಚಲು ತೂಗುವ, ಕಣ್ಣಲ್ಲೇ ಧೂಳು ಹಿಡಿಯುವ ಹೆಂಗಸು. ಅವರಿಗೆ ಜಪಾನಿ ಬಾರದು. ಕೊನೆಗೂ ನನ್ನ ಇಂಗ್ಲಿಷಿಗೆ ಕೆಲಸ ಬಂತು.

"ಆ ಶುಲ್ಕವನ್ನ ಮತ್ತೆ ಹಾಕಿ," ಎಂದರು ಅಕ್ಕ. "ಹುಡುಗನ ಮೇಲೆ ಗುಮಾನಿ ಬೇಡ. ಅವನು ಏನೂ ಮಾಡಿಲ್ಲ. ನನಗೆ ಗುಮಾನಿ ಇದ್ದದ್ದು ನಿಮ್ಮ ಮೇಲೆ."

ನಾನು ಇದನ್ನು "ಇವರಿಗೆ ಸಣ್ಣದೊಂದು ಗೊಂದಲವಾಗಿತ್ತು" ಎಂದು ಅನುವಾದಿಸಿದೆ. ಆದರೆ ವಕಾಬಾಳ ಮುಖ ನೋಡಿದ ಪರ್ಲಿತಾಗೆ ನನ್ನ ಅನುವಾದದ ಮೇಲೆ ನಂಬಿಕೆ ಹೋಯಿತು.

"ಅವರು ಹೇಳಿದ್ದನ್ನೇ ಹೇಳಿ," ಎಂದರು ಆಕೆ.

ಹೇಳಿದೆ.

"ಅಂದ್ರೆ ನಾವು ಕದೀತೀವಿ ಅಂತಾನಾ?"

"ಹೌದು," ಎಂದರು ತೊಕಿಯೆ ಅಕ್ಕ. "ಅದನ್ನ ಬಾಯಿಬಿಟ್ಟು ಹೇಳಬಾರದು ಅಂತಲೇ ಆವತ್ತು ಕಾರಣ ಹೇಳಲಿಲ್ಲ. ನಾನು ಮರ್ಯಾದೆ ಮಾಡೋಕೆ ಹೋದೆ, ಅದು ಈ ಹುಡುಗನ ತಲೆ ಮೇಲೆ ಬಿತ್ತು." ಎಂದವರೇ ಅರಿಮಾದ ಕಥೆಯನ್ನು, ಫಲಕ, ಗಾಲ್ಫ್ ಕೋಲು, ಗುಂಡಿ ಪಿನ್ನುಗಳ ಸಮೇತ, ಕೌಂಟರಿನ ಮುಂದೆ ನಿಂತೇ ಹೇಳಿದರು. ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೂ ಗೊಣಗಲಿಲ್ಲ. ಮುಂದಿದ್ದ ಒಬ್ಬ ಗಂಡಸು "ಆಮೇಲೆ?" ಎಂದೂ ಕೇಳಿದ. ಕಥೆ ಮುಗಿಸಿ ಅಕ್ಕ ಬಗ್ಗಿದರು. ಅವರು ಬಗ್ಗುವುದನ್ನು ನಾನು ನೂರು ಸಲ ನೋಡಿದ್ದೇನೆ, ಕೂಲಿಗಾಗಿ ಬಗ್ಗಿ ಬಗ್ಗಿ ಪಳಗಿದ ಬೆನ್ನು ಅದು. ಇದು ಹಾಗಿರಲಿಲ್ಲ. ಏಳಲೇ ಇಲ್ಲ.

ಪರ್ಲಿತಾ ಕೌಂಟರಿನ ಈಚೆ ಬಂದು ಅವರ ಭುಜ ಹಿಡಿದು ಎತ್ತಿದರು.

"ನಾನೂ ಮೊದಲ ಎರಡು ವರ್ಷ ತಳದಲ್ಲೇ ಇದ್ದೆ. ಕಡಾಯಿ ತಿಕ್ಕುತ್ತಿದ್ದೆ," ಎಂದರು. ಅಷ್ಟೆ. ಮತ್ತೆ ಮುಖ ಗಂಟಿಕ್ಕಿ, "ಶುಲ್ಕ ಹಾಕ್ತೀವಿ. ಹುಡುಗನ ಹೆಸರಿನ ವಿಷಯ ಮೇಲಿನವರಿಗೆ ಹೋಗಿಯಾಗಿದೆ. ಕೋಬೆ ಬರೋದ್ರೊಳಗೆ ಏನಾಗುತ್ತೋ ನೋಡೋಣ. ಆದ್ರೆ ನೀವು ಕೈಗೆ ಕೊಟ್ಟಿದ್ದು ನಿಧಿಗೆ ಹೋಗಿದೆ, ವಾಪಸು ಬರಲ್ಲ. ಎರಡು ಸಲ ಕೊಟ್ಟ ಹಾಗಾಗುತ್ತೆ."

ನಾನು ಅನುವಾದಿಸಿ, ನನ್ನದೂ ಒಂದು ಮಾತು ಸೇರಿಸಿದೆ: "ಅಕ್ಕ, ಕೇಳಿ ನೋಡೋಣ, ವಾಪಸು ಕೊಟ್ರೂ ಕೊಡಬಹುದು."

"ಬೇಡ ಬಿಡು. ಎರಡು ಸಲ ಆಗ್ಲಿ," ಎಂದರು ಅವರು. "ಯೊನೆ ಅಕ್ಕನಿಗೆ ನಾನು ಒಂದು ಸಲವೂ ಕೊಟ್ಟಿರಲಿಲ್ಲ. ಹೇಗೆ ಕೊಡೋದು ಅಂತಲೇ ಗೊತ್ತಾಗಿರಲಿಲ್ಲ. ಅವರು ಹೋಗಿ ಇಪ್ಪತ್ತು ವರ್ಷ ಆಯ್ತು. ಒಂದು ಪಾಲು ಅವರ ಲೆಕ್ಕಕ್ಕೆ."

ಅಂದು ಸಂಜೆ ಊಟದ ಮೇಜಿನಲ್ಲಿ ತಟ್ಟೆ ಬಂದಾಗ, ತೊಕಿಯೆ ಅಕ್ಕ ಕೈ ಜೋಡಿಸಿ, ಯಾವಾಗಲೂ ಬಾಗುವ ಹಾಗೆ ತಟ್ಟೆಗೆ ಬಾಗದೆ ಪಕ್ಕಕ್ಕೆ ತಿರುಗಿ ನೆಲದ ಕಡೆಗೆ ಬಾಗಿದರು. ಪಕ್ಕದ ಮೇಜಿನ ದಂಪತಿಗಳು ಕನ್ನಡಕ ಬಿದ್ದಿರಬೇಕೆಂದು ಮೇಜಿನಡಿ ಹುಡುಕತೊಡಗಿದರು.

"ಯಾರಿಗೆ ಅಕ್ಕ ನಮಸ್ಕಾರ?"

"ಕೆಳಗಿನವರಿಗೆ. ಈಗ ಅಲ್ಲಿ ನಮ್ಮ ಮಧ್ಯಾಹ್ನದ ತಟ್ಟೆ ತೊಳೀತಿರ್ತಾರೆ. ಎಷ್ಟು ಮಹಡಿ ಕೆಳಗೋ ಗೊತ್ತಿಲ್ಲ, ಮುಟ್ಟಿದ್ರೆ ಮುಟ್ಟಲಿ."

ನಾನೂ ಬಾಗಿದೆ. ನೆಲಹಾಸಿನ ಕೆಳಗೆ ಉಕ್ಕು, ಉಕ್ಕಿನ ಕೆಳಗೆ ಎಲ್ಲೋ ಬಿಸಿನೀರಿನ ಹಬೆಯಲ್ಲಿ ನಿಂತವರು. ನಾನು ತಿಂದುಂಡ ತಟ್ಟೆಗಳನ್ನೆಲ್ಲ ತೊಳೆದವರು ಯಾರೆಂದು ಅಲ್ಲಿಯವರೆಗೆ ಯೋಚಿಸಿದವಳಲ್ಲ. ಅಂದು ಯೋಚಿಸಿದ್ದರಿಂದ ಮೀನಿಗೆ ರುಚಿ ಹೆಚ್ಚಾಯಿತು ಎಂದರೆ ಸುಳ್ಳಾಗುತ್ತದೆ. ಆದರೆ ತಟ್ಟೆಯಲ್ಲಿ ಏನನ್ನೂ ಬಿಡಲಿಲ್ಲ.

ಮಾರನೆಯ ದಿನ ಮತ್ತೆ ಪೂರ್ತಿ ಸಮುದ್ರ. ಹೆಸರಿನ ಸುದ್ದಿ ಬರಲಿಲ್ಲ. ರುಫೀನೊ ಬಂದಾಗಲೆಲ್ಲ ಅಕ್ಕ ಹುಬ್ಬೆತ್ತಿ ಕೇಳುತ್ತಿದ್ದರು, ಅವನು ತಲೆಯಾಡಿಸಿ ಹೋಗುತ್ತಿದ್ದ. ಮೇಲಿನ ಮಹಡಿಯಲ್ಲಿ ಸಂಗೀತ, ಈಜುಕೊಳ, ಚಿಪ್ಪಿನ ಹಾರ ಮಾಡುವ ತರಗತಿ ಎಲ್ಲ ಇದ್ದವು. ಅಕ್ಕ ಒಂದಕ್ಕೂ ಬರಲಿಲ್ಲ. ಕೋಣೆಯ ಕಿಟಕಿಯ ಬಳಿ ಕೂತು, ಮೇಲಿನವರು ಎಂದರೆ ಯಾರು, ಅವರಿಗೂ ಮೇಲೆ ಯಾರಾದರೂ ಇದ್ದಾರೆಯೇ, ಅವರ ಮುಂದೆ ಹೋಗಿ ಬಗ್ಗಬಹುದೇ ಎಂದು ನನ್ನನ್ನು ಕೇಳುತ್ತಿದ್ದರು. ಮೇಲಿನವರು ದೂರದ ಯಾವುದೋ ಊರಿನ ಕಚೇರಿಯಲ್ಲಿರುತ್ತಾರೆ, ಅಲ್ಲಿಯವರೆಗೆ ಬಗ್ಗಲು ಆಗುವುದಿಲ್ಲ ಎಂದೆ.

ಕೊನೆಯ ಬೆಳಿಗ್ಗೆ ಕೋಬೆಯ ಕೆಂಪು ಗೋಪುರ ಕಿಟಕಿಯಲ್ಲಿ ಕಾಣಿಸಿತು. ಪೆಟ್ಟಿಗೆ ಕಟ್ಟಿ ಕೂತಿದ್ದೆವು. ಬಾಗಿಲು ತಟ್ಟಿದ ಸದ್ದಾಯಿತು. ಪರ್ಲಿತಾ, ಅವರ ಹಿಂದೆ ವಕಾಬಾ, ಅವಳ ಹಿಂದೆ ಗೋಡೆಗೆ ಅಂಟಿಕೊಂಡಂತೆ ರುಫೀನೊ.

ಪರ್ಲಿತಾ ಪೀಠಿಕೆ ಹಾಕುವ ಜಾತಿಯವರಲ್ಲ. "ಇವನ ಹೆಸರು ಮತ್ತೆ ಬಡ್ತಿಯ ಪಟ್ಟಿಗೆ ಸೇರಿತು. ಮುಂದಿನ ಪ್ರಯಾಣದಿಂದ ಇವನೇ ಮುಖ್ಯಸ್ಥ," ಎಂದರು. ವಕಾಬಾ ಅದನ್ನು ಜಪಾನಿಯಲ್ಲಿ ಹೇಳಿ ಮುಗಿಸುವ ಮೊದಲೇ ತೊಕಿಯೆ ಅಕ್ಕ ರುಫೀನೊನ ಎರಡೂ ಕೈಯನ್ನು ತಮ್ಮ ಕೈಯಲ್ಲಿ ಹಿಡಿದಿದ್ದರು. ಅವನು ಏನೋ ಹೇಳಹೋಗಿ, ಜಪಾನಿ ಮರೆತು, ತನ್ನ ಊರಿನ ಮಾತಿನಲ್ಲಿ ಹೇಳಿದ. ಅಕ್ಕ ಅದಕ್ಕೆ ದ್ವೀಪದ ತಮ್ಮ ಬೆಸ್ತರ ಮಾತಿನಲ್ಲಿ ಉತ್ತರ ಕೊಟ್ಟರು. ನನಗೆ ಎರಡೂ ಅರ್ಥವಾಗಲಿಲ್ಲ. ಅವರಿಗೆ ಆಯಿತೆಂದು ಕಾಣುತ್ತದೆ.

"ಒಂದೇ ಒಂದು ಬಾಕಿ," ಎಂದಳು ವಕಾಬಾ. "ಅವನ ಹೆಸರಿನ ಮುಂದೆ 'ಕಾರಣ ಹೇಳಲು ಇಷ್ಟವಿಲ್ಲ' ಅಂತ ಇತ್ತಲ್ಲ, ಅದನ್ನ ಹೊಡೆದುಹಾಕಿ ಆ ಜಾಗದಲ್ಲಿ ನಿಮ್ಮ ಒಂದು ಮಾತು ಹಾಕಬೇಕು. ನೀವೇ ನಲವತ್ತು ವರ್ಷ ಈ ಕೆಲಸ ಮಾಡಿದವರು, ನಿಮ್ಮ ಮಾತಿಗೆ ತೂಕ ಇದೆ ಅಂತಾರೆ ಪರ್ಲಿತಾ. ಹೇಳಿ ಅಮ್ಮಾ, ರುಫೀನೊನ ಸೇವೆ ಹೇಗಿತ್ತು? ಎಲ್ಲರಿಗಿಂತ ಚೆನ್ನಾಗಿತ್ತು ಅಂತ ಹಾಕಲಾ?"

ಎಲ್ಲರೂ ಅವರ ಮುಖ ನೋಡಿದೆವು. ತೊಕಿಯೆ ಅಕ್ಕ ಕೋಣೆಯ ಮೇಲೊಮ್ಮೆ ಕಣ್ಣಾಡಿಸಿದರು.

"ಹೇಗಮ್ಮ ಹೇಳೋದು? ನನಗೆ ಯಾರಾದ್ರೂ ಸೇವೆ ಅಂತ ಮಾಡಿದ್ದೇ ಇದು ಮೊದಲು," ಎಂದರು. "ಇನ್ನೊಂದು ನಾಲ್ಕು ಹಡಗು ಹತ್ತಿ ನೋಡಿ ಹೇಳ್ತೀನಿ."